ಗೆದ್ದವಳ ಪಾಲಿನ ಅನುಮಾನ

ಪುಣೆಯಲ್ಲಿ ಏಪ್ರಿಲ್ ಬಂತೆಂದರೆ ಊರೆಲ್ಲ ಹಾಪೂಸ್ ಮಾವಿನ ಮಾತಾಡುತ್ತದೆ. ನಮ್ಮ ಐಟಿ ಕಚೇರಿಗಳಲ್ಲಿ ಮಾತ್ರ ರೇಟಿಂಗ್ ಮಾತು. ಯಾರಿಗೆ ಎಷ್ಟು ಬಂತು, ಯಾರಿಗೆ ಪ್ರಮೋಷನ್, ಯಾರು ಮುಖ ಊದಿಸಿಕೊಂಡು ಕೂತಿದ್ದಾರೆ. ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಕೂತು ಇದನ್ನು ಓದುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಸಾಗರದ ಕಡೆಯವನು. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ಪುಣೆಗೆ ಬಂದವನು ಇಲ್ಲೇ ಉಳಿದೆ. ಈಗ ಎಂಟು ಜನರ ತಂಡಕ್ಕೆ ಲೀಡ್. ಹಿಂದಿನ ವರ್ಷ ರೇಟಿಂಗ್ ಮೀಟಿಂಗ್‌ಗೆ ಹೋಗುವ ಮುಂಚೆ ಇನ್ನೊಂದು ತಂಡದ ಲೀಡ್ ಕಾಫಿ ಮಷೀನ್ ಹತ್ತಿರ ನನ್ನನ್ನು ಹಿಡಿದ. ‘ನನ್ನ ಹುಡುಗನ ಹೆಸರು ಬಂದಾಗ ನೀನು ಸುಮ್ಮನಿರು, ನಿನ್ನ ಹುಡುಗಿಯ ಹೆಸರು ಬಂದಾಗ ನಾನು ಸುಮ್ಮನಿರುತ್ತೇನೆ’ ಅಂದ. ನಾನು ತಲೆಯಾಡಿಸಿದೆ. ತಪ್ಪು ಅನ್ನಿಸಲಿಲ್ಲ. ನನ್ನ ತಂಡದ ಹುಡುಗಿ ನಿಜಕ್ಕೂ ಆ ವರ್ಷ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದ್ದಳು. ಅರ್ಹರಿಗೆ ಸಿಗುವುದನ್ನು ಖಾತ್ರಿ ಮಾಡಿಕೊಂಡೆ, ಅಷ್ಟೇ ಎಂದುಕೊಂಡೆ. ಇಬ್ಬರಿಗೂ ಮೇಲಿನ ರೇಟಿಂಗ್ ಸಿಕ್ಕಿತು.

ಎರಡು ವಾರ ಕಳೆದಿರಲಿಲ್ಲ, ಮಾತು ಹೊರಗೆ ಬಿತ್ತು. ಆ ಹುಡುಗಿ ಅಕ್ಕಲಕೋಟೆಯವಳು, ಮನೆಮಾತು ಕನ್ನಡ. ‘ಲೀಡ್ ಕನ್ನಡದವನು, ಅವಳೂ ಕನ್ನಡದವಳು, ಸಿಗದೆ ಇನ್ನೇನು’ ಎಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದು ಅವಳ ಕಿವಿಗೇ ಬಿತ್ತು. ಮರುದಿನದಿಂದ ಅವಳು ಊಟಕ್ಕೆ ಕ್ಯಾಂಟೀನಿಗೆ ಬರುವುದನ್ನು ನಿಲ್ಲಿಸಿದಳು.

ಆ ಶನಿವಾರ ರಾತ್ರಿ ನನಗೆ ಶಾಲೆಯ ದಿನಗಳ ಒಂದು ಕ್ವಿಜ್ ಪ್ರಶ್ನೆ ನೆನಪಾಯಿತು. ‘2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಒಂದೇ ಸ್ಪರ್ಧೆಗೆ ಎರಡು ಜೋಡಿಗಳಿಗೆ ಚಿನ್ನ ಕೊಟ್ಟರು, ಯಾವ ಆಟ?’ ಉತ್ತರ: ಫಿಗರ್ ಸ್ಕೇಟಿಂಗ್, ಜೋಡಿ ವಿಭಾಗ. ‘ರಷ್ಯಾದವರು ಮೋಸದಿಂದ ಗೆದ್ದರು, ಆಮೇಲೆ ಕೆನಡಾದವರಿಗೂ ಕೊಟ್ಟರು’ ಎಂದು ಮೇಷ್ಟ್ರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಇಪ್ಪತ್ತು ವರ್ಷ ನನ್ನ ತಲೆಯಲ್ಲೂ ಅದೇ ವಾಕ್ಯ ಇತ್ತು. ಆ ರಾತ್ರಿ ಯೂಟ್ಯೂಬಿನಲ್ಲಿ ಆ ಸ್ಪರ್ಧೆಯನ್ನು ಮೊದಲ ಸಲ ನೋಡಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ‘ಮೋಸದಿಂದ ಗೆದ್ದವಳು’ ಎಂದು ನಾನು ತಿಳಿದುಕೊಂಡಿದ್ದ ಎಲೆನಾ ಬೆರೆಜ್ನಾಯಾ ಆ ಐಸ್ ಮೇಲೆ ಬಂದು ನಿಂತಿದ್ದು ಹೇಗೆ ಎಂಬುದು ಆ ಒಂದು ವಾಕ್ಯದಲ್ಲಿ ಹಿಡಿಸುವ ಕಥೆಯಲ್ಲ.

ಎಲೆನಾ ಹುಟ್ಟಿದ್ದು 1977ರ ಅಕ್ಟೋಬರ್ 11ರಂದು, ದಕ್ಷಿಣ ರಷ್ಯಾದ ನೆವಿನ್ನೊಮಿಸ್ಕ್ ಎಂಬಲ್ಲಿ. ದೊಡ್ಡ ರಸಗೊಬ್ಬರ ಕಾರ್ಖಾನೆಗೆ ಹೆಸರಾದ ಊರು ಅದು. ನಾಲ್ಕನೇ ವಯಸ್ಸಿಗೆ ಐಸ್ ಮೇಲೆ ಕಾಲಿಟ್ಟ ಹುಡುಗಿ ಹದಿಮೂರರ ಹೊತ್ತಿಗೆ ಮನೆ ಬಿಟ್ಟು ಮಾಸ್ಕೋಗೆ ಬಂದಳು. ನಾವು ಊರು ಬಿಟ್ಟಿದ್ದು ಡಿಗ್ರಿ ಕೈಯಲ್ಲಿ ಹಿಡಿದು, ಕಂಪನಿಯ ಆಫರ್ ಲೆಟರ್ ಇಟ್ಟುಕೊಂಡು. ಆಕೆ ಬಿಟ್ಟಿದ್ದು ಏಳನೇ ಕ್ಲಾಸಿನ ವಯಸ್ಸಿನಲ್ಲಿ.

ಜೋಡಿ ಸ್ಕೇಟಿಂಗ್‌ನಲ್ಲಿ ಒಂದು ಕಷ್ಟವಿದೆ. ನೀವು ಎಷ್ಟೇ ಚೆನ್ನಾಗಿ ಆಡಿದರೂ ತಕ್ಕ ಜೊತೆಗಾರ ಇಲ್ಲದಿದ್ದರೆ ನಿಮಗೆ ಸ್ಪರ್ಧೆಯೇ ಇಲ್ಲ. ಎಲೆನಾಗೆ ಸಿಕ್ಕ ಜೊತೆಗಾರ ಒಲೆಗ್ ಶ್ಲ್ಯಾಖೊವ್. ಆತ ಲಾಟ್ವಿಯಾ ಪರ ಆಡುತ್ತಿದ್ದ, ಹಾಗಾಗಿ ಆಕೆಯೂ ತನ್ನದಲ್ಲದ ದೇಶದ ಪರ ಆಡಿದಳು. 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಈ ಜೋಡಿ ಎಂಟನೆಯ ಸ್ಥಾನ ಪಡೆಯಿತು. ಹದಿನಾರರ ಹುಡುಗಿಗೆ ಅದು ಸಣ್ಣ ಸಾಧನೆಯಲ್ಲ. ಆದರೆ ಅಭ್ಯಾಸದ ವೇಳೆ ಏನಾದರೂ ತಪ್ಪಿದರೆ ಒಲೆಗ್ ಆಕೆಯ ಮೇಲೆ ಕೈ ಮಾಡುತ್ತಿದ್ದ ಎಂದು ಆಮೇಲಿನ ವರ್ಷಗಳಲ್ಲಿ ಪತ್ರಿಕೆಗಳು ಬರೆದವು. ಆಕೆ ಸಹಿಸಿಕೊಂಡಳು. ಈ ಜೊತೆಗಾರನೂ ಹೋದರೆ ಇನ್ನೊಬ್ಬ ಸಿಗುತ್ತಾನೆಂಬ ಭರವಸೆ ಆ ಆಟದಲ್ಲಿ ಯಾರಿಗೂ ಇರುವುದಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಈ ಜೋಡಿಗೆ ಕಲಿಸಿದವರು ತಮಾರಾ ಮೊಸ್ಕ್ವಿನಾ. ಜೋಡಿ ಸ್ಕೇಟಿಂಗ್‌ನಲ್ಲಿ ಈ ಹೆಸರಿಗೆ ಬೇರೆ ಪರಿಚಯ ಬೇಡ. ಸ್ವತಃ 1969ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದವರು. 1984ರಿಂದ 2002ರವರೆಗೆ ಅವರ ಕೈಯಲ್ಲಿ ಕಲಿತ ನಾಲ್ಕು ಜೋಡಿಗಳು ಒಲಿಂಪಿಕ್ ಚಿನ್ನ ತಂದಿವೆ. ಅದೇ ರಿಂಕ್‌ನಲ್ಲಿ ಆಂಟನ್ ಸಿಖಾರುಲಿಡ್ಜೆ ಎಂಬ ಹುಡುಗನಿದ್ದ. ಮರಿಯಾ ಪೆಟ್ರೋವಾ ಜೊತೆ 1994 ಮತ್ತು 1995ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆಗಿದ್ದವನು. ಎಲೆನಾ ಮತ್ತು ಆಂಟನ್ ಗೆಳೆಯರಾದರು. ಅಷ್ಟರಲ್ಲಿ ಒಲೆಗ್ ಆಕೆಯನ್ನು ಅಭ್ಯಾಸಕ್ಕೆಂದು ಲಾಟ್ವಿಯಾದ ರಿಗಾಕ್ಕೆ ಕರೆದುಕೊಂಡು ಹೋದ.

1996ರ ಜನವರಿ. ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಸ್ವಲ್ಪ ದಿನ ಉಳಿದಿತ್ತು. ಅಭ್ಯಾಸದಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿ ‘ಕ್ಯಾಮೆಲ್ ಸ್ಪಿನ್’ ಮಾಡುತ್ತಿದ್ದರು. ಒಂದು ಕಾಲ ಮೇಲೆ ನಿಂತು, ಮೈಯನ್ನು ಮುಂದಕ್ಕೆ ಬಾಗಿಸಿ, ಇನ್ನೊಂದು ಕಾಲನ್ನು ಹಿಂದಕ್ಕೆ ನೇರ ಚಾಚಿ ಬುಗುರಿಯಂತೆ ತಿರುಗುವುದು. ಇಬ್ಬರೂ ಒಂದೇ ವೇಗದಲ್ಲಿ, ಒಂದೇ ಹೊತ್ತಿಗೆ, ಹತ್ತಿರ ಹತ್ತಿರ ತಿರುಗಬೇಕು. ಹತ್ತಿರವಾದಷ್ಟೂ ನೋಡಲು ಚೆಂದ, ಅಷ್ಟೇ ಅಪಾಯ. ಚಾಚಿದ ಕಾಲಿನ ತುದಿಯಲ್ಲಿರುವ ಬ್ಲೇಡು ತಿರುಗುವುದು ಪಕ್ಕದವರ ಬಾಗಿದ ತಲೆಯ ಎತ್ತರದಲ್ಲೇ. ಅವತ್ತು ಅಂತರ ತಪ್ಪಿತು. ಒಲೆಗ್‌ನ ಬ್ಲೇಡು ಎಲೆನಾಳ ತಲೆಗೆ ಬಡಿದು ಬುರುಡೆಯನ್ನು ಒಡೆದು ಒಳಗೆ ಹೋಯಿತು.

ಮಿದುಳಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು. ಆದರೆ ಮೈಯ ಒಂದು ಭಾಗದಲ್ಲಿ ಸ್ವಾಧೀನ ಇರಲಿಲ್ಲ. ಮಾತು ಹೋಗಿತ್ತು. ಹದಿನೆಂಟು ವರ್ಷದ ಹುಡುಗಿ ಮಾತನ್ನು ಮಗುವಿನಂತೆ ಮೊದಲಿನಿಂದ ಕಲಿಯಬೇಕಾಯಿತು.

ಸುದ್ದಿ ತಿಳಿದ ಆಂಟನ್ ರಿಗಾದ ಆಸ್ಪತ್ರೆಗೆ ಹೋಗಿ ಆಕೆಯ ಹಾಸಿಗೆಯ ಪಕ್ಕ ಕೂತ. ಆಮೇಲೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಕರೆತಂದ. ನಡಿಗೆ ಬಂತು. ನಡಿಗೆ ಬಂದ ಮೇಲೆ ಐಸ್ ಮೇಲೆ ಮೆಲ್ಲಗೆ ಒಂದೊಂದು ಹೆಜ್ಜೆ, ಆತನ ಕೈ ಹಿಡಿದು. ಮೊಸ್ಕ್ವಿನಾ ಇಬ್ಬರನ್ನೂ ಜೋಡಿ ಮಾಡಿದರು. ಅಪಘಾತವಾಗಿ ಒಂದು ವರ್ಷವಷ್ಟೇ ಆಗಿತ್ತು, 1997ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಈ ಜೋಡಿಗೆ ಕಂಚು ಸಿಕ್ಕಿತು.

ಇಲ್ಲಿ ನಾನು ವೀಡಿಯೋ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಜೋಡಿ ಸ್ಕೇಟಿಂಗ್‌ನಲ್ಲಿ ಹುಡುಗ ಹುಡುಗಿಯನ್ನು ಒಂದು ಕೈಯಲ್ಲಿ ತಲೆಯ ಮೇಲೆತ್ತಿ ಜಾರುತ್ತಾನೆ. ಸೊಂಟ ಹಿಡಿದು ಎಸೆಯುತ್ತಾನೆ, ಆಕೆ ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯಬೇಕು. ‘ಡೆತ್ ಸ್ಪೈರಲ್’ ಎಂಬುದರಲ್ಲಿ ಆತ ನಡುವೆ ನಿಂತು ಆಕೆಯ ಒಂದು ಕೈ ಹಿಡಿದಿರುತ್ತಾನೆ, ಆಕೆ ಮಲಗಿದಂತೆ ಬಾಗಿ ಸುತ್ತ ತಿರುಗುವಾಗ ತಲೆ ಐಸ್‌ಗೆ ತಾಗುವಷ್ಟು ಹತ್ತಿರ ಇರುತ್ತದೆ. ಹೆಲ್ಮೆಟ್ ಇಲ್ಲ. ಒಮ್ಮೆ ಬುರುಡೆ ಒಡೆದ ಹುಡುಗಿ ಇದನ್ನೆಲ್ಲ ಮತ್ತೆ ಮಾಡಿದಳು. ಇನ್ನೊಬ್ಬರ ಕಾಲಿನ ಬ್ಲೇಡಿನ ಪಕ್ಕದಲ್ಲಿ ಮತ್ತೆ ಅದೇ ಕ್ಯಾಮೆಲ್ ಸ್ಪಿನ್ ಸುತ್ತಿದಳು.

1998ರಲ್ಲಿ ಈ ಜೋಡಿ ಯುರೋಪಿಯನ್ ಚಾಂಪಿಯನ್. ಆ ವರ್ಷದ ನಗಾನೊ ಒಲಿಂಪಿಕ್ಸ್‌ನಲ್ಲಿ ಕಾರ್ಯಕ್ರಮದ ಕೊನೆಯಲ್ಲಿ ಇಬ್ಬರೂ ಬಿದ್ದರು, ಆದರೂ ಬೆಳ್ಳಿ ಬಂತು. ಚಿನ್ನ ಮೊಸ್ಕ್ವಿನಾ ಅವರದೇ ಇನ್ನೊಂದು ಜೋಡಿಗೆ ಹೋಯಿತು. ಅದಾದ ಮೇಲೆ 1998 ಮತ್ತು 1999ರಲ್ಲಿ ಸತತ ಎರಡು ಸಲ ವಿಶ್ವ ಚಾಂಪಿಯನ್.

2000ದಲ್ಲಿ ಇನ್ನೊಂದು ಪೆಟ್ಟು. ಶೀತಕ್ಕೆ ತೆಗೆದುಕೊಂಡ ಔಷಧಿಯಲ್ಲಿದ್ದ ಸ್ಯೂಡೋಎಫೆಡ್ರಿನ್ ಎಲೆನಾಳ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಆಗ ಅದು ನಿಷೇಧಿತ ಪಟ್ಟಿಯಲ್ಲಿತ್ತು. ಗೆದ್ದಿದ್ದ ಯುರೋಪಿಯನ್ ಚಿನ್ನ ವಾಪಸ್ ಹೋಯಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಲು ಆಗಲಿಲ್ಲ. ಅಲ್ಲಿ ಗೆದ್ದವರು ಆಂಟನ್‌ನ ಹಳೆಯ ಜೊತೆಗಾರ್ತಿ ಮರಿಯಾ ಪೆಟ್ರೋವಾ ಮತ್ತು ಆಕೆಯ ಹೊಸ ಜೊತೆಗಾರ ಅಲೆಕ್ಸೈ ಟಿಖೊನೊವ್. ಸಂತೆಯಲ್ಲಿ ಸಿಗುವ ಶೀತದ ಮಾತ್ರೆಯಂಥದ್ದಕ್ಕೆ ಒಂದು ಇಡೀ ವರ್ಷ ಹೋಯಿತು. 2001ರಲ್ಲಿ ಮತ್ತೆ ಯುರೋಪಿಯನ್ ಚಿನ್ನ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. ಅಲ್ಲಿ ಚಿನ್ನ ಗೆದ್ದವರು ಕೆನಡಾದ ಜೇಮಿ ಸಾಲೆ ಮತ್ತು ಡೇವಿಡ್ ಪೆಲ್ಟಿಯೆ.

ಈಗ ಆ ರಾತ್ರಿಗೆ ಬರೋಣ. 2002ರ ಫೆಬ್ರುವರಿ 11, ಸಾಲ್ಟ್ ಲೇಕ್ ಸಿಟಿ. ಈ ಪದಕದ ಹಿಂದೆ ಒಂದು ಭಾರವೂ ಇತ್ತು. 1964ರಿಂದ ಜೋಡಿ ಸ್ಕೇಟಿಂಗ್‌ನ ಒಲಿಂಪಿಕ್ ಚಿನ್ನ ಸೋವಿಯತ್ ಅಥವಾ ರಷ್ಯಾದ ಪರಂಪರೆ ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ. ಸ್ಪರ್ಧೆಗೆ ಮುಂಚಿನ ವಾರ್ಮ್ ಅಪ್‌ನಲ್ಲಿ ಆಂಟನ್ ಮತ್ತು ಜೇಮಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಜೇಮಿ ಜೋರಾಗಿ ಬಿದ್ದಳು. ಮೊದಲು ರಷ್ಯಾ ಜೋಡಿಯ ಸರದಿ. ಮಾಸ್ನೆಯ ‘ಥಾಯಿಸ್’ ಒಪೆರಾದ ಪಿಟೀಲು ಸಂಗೀತಕ್ಕೆ ಆಡಿದರು. ಒಂದು ಜಿಗಿತದಲ್ಲಿ ಆಂಟನ್ ಇಳಿಯುವಾಗ ಸ್ವಲ್ಪ ತಪ್ಪಿದ. ಆಮೇಲೆ ಬಂದ ಕೆನಡಾ ಜೋಡಿ ಒಂದೂ ತಪ್ಪಿಲ್ಲದೆ ಆಡಿತು. ಸಭಾಂಗಣ ಎದ್ದು ನಿಂತಿತು.

ಆಗ ಇದ್ದದ್ದು 6.0 ಪದ್ಧತಿ. ಒಬ್ಬೊಬ್ಬ ತೀರ್ಪುಗಾರರು ತಾಂತ್ರಿಕತೆಗೆ ಒಂದು, ಪ್ರಸ್ತುತಿಗೆ ಒಂದು ಅಂಕ ಕೊಡುತ್ತಿದ್ದರು. ಆ ಅಂಕಗಳು ನಿಜವಾಗಿ ಹೇಳುತ್ತಿದ್ದುದು ಯಾರು ಮೊದಲು, ಯಾರು ಎರಡನೆಯವರು ಎಂಬುದನ್ನು. ಒಂಬತ್ತು ತೀರ್ಪುಗಾರರಲ್ಲಿ ಹೆಚ್ಚು ಜನ ಯಾರನ್ನು ಮೊದಲಿಟ್ಟರೋ ಅವರು ಗೆದ್ದಂತೆ. ರಷ್ಯಾ, ಚೀನಾ, ಪೋಲೆಂಡ್, ಉಕ್ರೇನ್ ಮತ್ತು ಫ್ರಾನ್ಸ್‌ನ ತೀರ್ಪುಗಾರರು ರಷ್ಯಾ ಜೋಡಿಯನ್ನು ಮೊದಲಿಟ್ಟರು. ಅಮೆರಿಕ, ಕೆನಡಾ, ಜರ್ಮನಿ, ಜಪಾನ್‌ನವರು ಕೆನಡಾವನ್ನು. ಐದಕ್ಕೆ ನಾಲ್ಕು. ಜನ ಕೂಗಿ ಪ್ರತಿಭಟಿಸಿದರು. ಹಳೆಯ ಪೂರ್ವ ಬಣ ಒಂದು ಕಡೆ, ಪಶ್ಚಿಮ ಬಣ ಇನ್ನೊಂದು ಕಡೆ ಎಂದು ಪತ್ರಿಕೆಗಳು ಬರೆದವು. ಈ ಪಟ್ಟಿ ಓದುವಾಗ ನನಗೆ ನಮ್ಮ ಕ್ಯಾಂಟೀನು ಕಣ್ಣ ಮುಂದೆ ಬಂತು.

ಆಮೇಲಿನದು ಇನ್ನೂ ಕೆಟ್ಟದ್ದು. ಫ್ರಾನ್ಸ್‌ನ ತೀರ್ಪುಗಾರ್ತಿ ಮರಿ-ರೆನ್ ಲ ಗುನ್, ತಮ್ಮ ದೇಶದ ಸ್ಕೇಟಿಂಗ್ ಒಕ್ಕೂಟದ ಮುಖ್ಯಸ್ಥ ದಿದಿಯೆ ಗಾಯಾಗೆ ಒತ್ತಡ ಹಾಕಿದ್ದರೆಂದು ಹೇಳಿದರು. ಇಲ್ಲಿ ರಷ್ಯಾಕ್ಕೆ ಮತ ಹಾಕು, ಐಸ್ ಡಾನ್ಸ್‌ನಲ್ಲಿ ಫ್ರಾನ್ಸ್ ಜೋಡಿಗೆ ಅನುಕೂಲವಾಗುತ್ತದೆ ಎಂಬ ಲೆಕ್ಕ. ಆಮೇಲೆ ಆ ಮಾತನ್ನು ಹಿಂದಕ್ಕೂ ತೆಗೆದುಕೊಂಡರು. ಗಾಯಾಗೆ ಆರೋಪವನ್ನು ಒಪ್ಪಲಿಲ್ಲ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇಬ್ಬರನ್ನೂ ಮೂರು ವರ್ಷ ಅಮಾನತು ಮಾಡಿತು. ಅದಕ್ಕೂ ಮುಂಚೆ, ಸ್ಪರ್ಧೆಯಾದ ಕೆಲವೇ ದಿನಗಳಲ್ಲಿ, ಕೆನಡಾ ಜೋಡಿಗೂ ಚಿನ್ನ ಕೊಡುವುದೆಂದು ತೀರ್ಮಾನವಾಗಿತ್ತು. ಫೆಬ್ರುವರಿ 17ರಂದು ಎರಡು ಜೋಡಿಗಳೂ ಒಂದೇ ವೇದಿಕೆಯಲ್ಲಿ ನಿಂತವು, ಎರಡು ರಾಷ್ಟ್ರಗೀತೆಗಳೂ ಮೊಳಗಿದವು.

ಕೆನಡಾದವರಿಗೆ ನ್ಯಾಯ ಸಿಕ್ಕಿತು, ಸರಿ. ಎಲೆನಾಗೆ ಏನು ಸಿಕ್ಕಿತು? ಆಕೆ ಯಾವ ತೀರ್ಪುಗಾರರನ್ನೂ ಕೇಳಿಕೊಂಡಿರಲಿಲ್ಲ. ಆಕೆಯಾಗಲಿ ಆಂಟನ್ ಆಗಲಿ ತಪ್ಪು ಮಾಡಿದರೆಂದು ಒಲಿಂಪಿಕ್ ಸಮಿತಿಯೂ ಹೇಳಲಿಲ್ಲ, ಹಾಗಾಗಿಯೇ ಪದಕ ಅವರ ಬಳಿಯೇ ಉಳಿಯಿತು. ಅವತ್ತು ಯಾರು ಚೆನ್ನಾಗಿ ಆಡಿದರು ಎಂದು ಇವತ್ತಿಗೂ ವಾದವಿದೆ. ಕೆನಡಾದವರು ತಪ್ಪಿಲ್ಲದೆ ಆಡಿದರು ಎನ್ನುವವರಿದ್ದಾರೆ. ರಷ್ಯಾದವರ ಕಾರ್ಯಕ್ರಮ ಹೆಚ್ಚು ಕ್ಲಿಷ್ಟ, ಹೆಚ್ಚು ನವಿರು ಎನ್ನುವವರೂ ಇದ್ದಾರೆ. ಯಾವ ಒಳ ಒಪ್ಪಂದವೂ ಇಲ್ಲದೆ ಇದೇ ಐದು-ನಾಲ್ಕು ಬಂದಿದ್ದರೆ ಅದು ಆಟದ ವಾದವಾಗಿ ಉಳಿಯುತ್ತಿತ್ತು. ಒಂದು ಮತದ ಮೇಲೆ ಅನುಮಾನ ಬಿದ್ದಿದ್ದರಿಂದ ಆ ವಾದಕ್ಕೇ ಜಾಗ ಇಲ್ಲದಾಯಿತು. ಗೆಲ್ಲುವಷ್ಟು ಚೆನ್ನಾಗಿ ಆಡಿದ್ದೆ ಎಂದು ಹೇಳಿಕೊಳ್ಳುವ ಹಕ್ಕನ್ನೂ ಆಕೆಯಿಂದ ಕಿತ್ತುಕೊಂಡಂತಾಯಿತು. ಸಾಗರದ ಒಂದು ಶಾಲೆಯಲ್ಲಿ ಮೇಷ್ಟ್ರು ‘ಮೋಸದಿಂದ ಗೆದ್ದರು’ ಎಂದು ಹೇಳುವಷ್ಟು ದೂರ ಆ ಅನುಮಾನ ಹೋಯಿತು. ಬುರುಡೆ ಒಡೆದ ಕಥೆ ಅಷ್ಟು ದೂರ ಬರಲಿಲ್ಲ.

ಒಳ ಒಪ್ಪಂದದಿಂದ ಸೋತವರಿಗೆ ಅನ್ಯಾಯ ಎಂದು ನಮಗೆಲ್ಲ ಗೊತ್ತು. ಗೆದ್ದವರಿಗೂ ಅಷ್ಟೇ ಅನ್ಯಾಯ ಎಂಬುದು ನನಗೆ ಹೊಳೆದಿದ್ದು ಆ ರಾತ್ರಿ.

ಆ ಗಲಾಟೆಯ ನಂತರ 6.0 ಪದ್ಧತಿಯೇ ಹೋಯಿತು. 2004ರಲ್ಲಿ ಹೊಸ ಪದ್ಧತಿ ಒಪ್ಪಿದರು, 2006ರ ಟುರಿನ್ ಒಲಿಂಪಿಕ್ಸ್ ಅದರ ಮೇಲೆಯೇ ನಡೆಯಿತು. ಪ್ರತಿ ಜಿಗಿತ, ಎತ್ತುವಿಕೆ, ಸುತ್ತಿಗೆ ಮೊದಲೇ ನಿಗದಿಯಾದ ಮೂಲ ಅಂಕ. ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ಕೂಡಿಸುವುದು, ಕಳೆಯುವುದು. ತೀರ್ಪುಗಾರರ ಅಂಕಗಳಲ್ಲಿ ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ಉಳಿದದ್ದರ ಸರಾಸರಿ. ನಮ್ಮ ಕೆಲಸದವರಿಗೆ ಇದು ಇಷ್ಟವಾಗುವ ಲೆಕ್ಕ. ಆದರೆ ಒಂದು ವಿಚಿತ್ರ ಮಾಡಿದರು. ತೀರ್ಪುಗಾರರ ಮೇಲೆ ಒತ್ತಡ ಬೀಳಬಾರದೆಂದು ಯಾವ ಅಂಕ ಯಾರದು ಎಂಬುದನ್ನೇ ಮುಚ್ಚಿಟ್ಟರು. ಲಾಗ್ ಇಟ್ಟುಕೊಂಡು ಬಳಕೆದಾರರ ಹೆಸರು ಅಳಿಸಿದ ಹಾಗೆ. ಒತ್ತಡ ಹಾಕುವವನಿಗೂ ಕಾಣುವುದಿಲ್ಲ, ಪ್ರಶ್ನೆ ಕೇಳುವವನಿಗೂ ಕಾಣುವುದಿಲ್ಲ. 2016ರಲ್ಲಿ ಆ ಮರೆಯನ್ನು ತೆಗೆದುಹಾಕಿದರು. ಲೆಕ್ಕದ ಸೂತ್ರ ಎಷ್ಟೇ ಚೆನ್ನಾಗಿರಲಿ, ಅಂಕದ ಪಕ್ಕ ಕೊಟ್ಟವರ ಹೆಸರು ಇಲ್ಲದಿದ್ದರೆ ಅನುಮಾನ ಹೋಗುವುದಿಲ್ಲ ಎಂಬುದು ಅವರಿಗೂ ಅರ್ಥವಾಗಿರಬೇಕು.

ಸಾಲ್ಟ್ ಲೇಕ್ ಆದಮೇಲೆ ಎಲೆನಾ ಮತ್ತು ಆಂಟನ್ ಸ್ಪರ್ಧೆಗಳನ್ನು ಬಿಟ್ಟು ವೃತ್ತಿಪರ ಪ್ರದರ್ಶನಗಳಿಗೆ ಹೋದರು. ‘ಸ್ಟಾರ್ಸ್ ಆನ್ ಐಸ್’ ತಂಡದಲ್ಲಿ ಅವರ ಜೊತೆ ಊರೂರು ಸುತ್ತಿದ್ದು ಬೇರಾರೂ ಅಲ್ಲ, ಅದೇ ಜೇಮಿ ಮತ್ತು ಡೇವಿಡ್. ಪತ್ರಿಕೆಗಳು ಎರಡು ಬಣ ಮಾಡಿ ಕಾದಾಡಿದವು, ಆಡಿದವರು ಒಂದೇ ಐಸ್ ಮೇಲೆ ಜೊತೆಗೆ ಆಡಿದರು. ಆಮೇಲೆ ಆಂಟನ್ ರಾಜಕೀಯಕ್ಕೆ ಹೋಗಿ 2007ರಲ್ಲಿ ರಷ್ಯಾದ ಸಂಸತ್ತಿಗೆ ಆಯ್ಕೆಯಾದ. ಎಲೆನಾ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಕೆಲಸ ಹಿಡಿದಳು.

ಸೋಮವಾರ ನಮ್ಮ ತಂಡದ ಹುಡುಗಿಯನ್ನು ಕಚೇರಿಯ ಹೊರಗಿನ ಟಪರಿಗೆ ಚಹಾಕ್ಕೆ ಕರೆದೆ. ಕಾಫಿ ಮಷೀನ್ ಹತ್ತಿರ ಆದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಗ್ಲಾಸು ಕೆಳಗಿಟ್ಟು, ‘ಸರ, ಅಷ್ಟ ಹೇಳ್ರಿ. ನನ್ನ ಕೆಲಸಾ ನೋಡಿ ಕೊಟ್ರ್ಯೋ, ಇಲ್ಲಾ ಮಾತಾಡಿಕೊಂಡು ಕೊಟ್ರ್ಯೋ?’ ಅಂದಳು. ‘ಕೆಲಸ ನೋಡಿಯೇ ಕೊಟ್ಟೆ, ಆದರೆ ಮಾತಾಡಿಕೊಂಡೂ ಕೊಟ್ಟೆ’ ಅಂದೆ. ‘ಹಂಗಾದ್ರ ಈಗ ನಾ ಯಾರಿಗೆ ಏನಂತ ಹೇಳ್ಲಿ?’ ಎಂದಳು. ಅವಳು ಹೇಳುವುದಕ್ಕೆ ಏನೂ ಇರಲಿಲ್ಲ, ಹೇಳಬೇಕಾದವನು ನಾನು. ಆ ವಾರ ನಮ್ಮ ಮ್ಯಾನೇಜರ್ ಹತ್ತಿರ ಹೋಗಿ ಒಪ್ಪಿಕೊಂಡೆ. ಅವಳು ಮಾಡಿದ ಕೆಲಸದ ಪಟ್ಟಿಯನ್ನು ದಾಖಲೆ ಸಮೇತ ಕೊಟ್ಟು, ಮತ್ತೊಮ್ಮೆ ಬೇರೆಯವರಿಂದ ನೋಡಿಸಿ ಎಂದು ಕೇಳಿಕೊಂಡೆ. ನೋಡಿಸಿದರು. ಅವಳ ರೇಟಿಂಗ್ ಹಾಗೇ ಉಳಿಯಿತು. ನನಗೆ ಬೈಗುಳ ಬಿತ್ತು, ಬೀಳಬೇಕಾದದ್ದೇ.

ಈ ವರ್ಷ ಮೀಟಿಂಗ್‌ಗೆ ಮುಂಚೆ ಅದೇ ಗೆಳೆಯ ಕಾಫಿ ಮಷೀನ್ ಹತ್ತಿರ ಬಂದ. ಕಾಫಿ ಕುಡಿದೆವು. ‘ಮಾತು ಒಳಗೇ ಆಗಲಿ, ಎಲ್ಲರ ಎದುರಿಗೆ’ ಅಂದೆ. ನನ್ನ ತಂಡದ ಒಬ್ಬ ಹುಡುಗನಿಗೆ ಬರಬಹುದಾಗಿದ್ದ ರೇಟಿಂಗ್ ಬರಲಿಲ್ಲ. ಅವನು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅಕ್ಕಲಕೋಟೆಯ ಹುಡುಗಿಗೆ ಈ ಸಲವೂ ಮೇಲಿನದು ಬಂತು. ಫಲಿತಾಂಶ ತಿಳಿದ ದಿನ ಮಧ್ಯಾಹ್ನ ಅವಳು ಡಬ್ಬಿ ಹಿಡಿದುಕೊಂಡು ಕ್ಯಾಂಟೀನಿಗೆ ಬಂದು, ನಡುವಿನ ಮೇಜಿನಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಿದಳು.